ಮಾರನೇ ದಿನದ ಒಬ್ಬಟ್ಟು

ಊಟಕ್ಕೆ ಕೂತರೆ ನಮ್ಮ ಮಿಸ್ಸು ಮೊದಲು ತೋರುಬೆರಳಿನಿಂದ ಅನ್ನಕ್ಕೆ ಬದು ಕಟ್ಟುತ್ತಿದ್ದರು. ಗದ್ದೆಗೆ ಕಟ್ಟುತ್ತಾರಲ್ಲ, ಹಾಗೆ. ಸಾರು ಬದುವಿನ ಈಚೆ, ಪಲ್ಯ ಆಚೆ, ಪಾಯಸ ಬೇರೆ ಲೋಟದಲ್ಲಿ. ಒಂದು ಹನಿ ಸಾರು ಗಡಿ ದಾಟಿದರೂ ಬೆರಳು ತಟ್ಟನೆ ಹೋಗಿ ತಡೆಯುತ್ತಿತ್ತು. ಮಾತು ನಿಲ್ಲುತ್ತಿರಲಿಲ್ಲ, ಕಣ್ಣು ತಟ್ಟೆಯ ಮೇಲಿರುತ್ತಿರಲಿಲ್ಲ, ಬೆರಳಿಗೇ ಗೊತ್ತಾಗುತ್ತಿತ್ತು.

"ಹೊಟ್ಟೇಲಿ ಎಲ್ಲ ಒಂದೇ ಆಗಲ್ವಾ ಮಿಸ್?" ಎಂದು ಏಳನೇ ಕ್ಲಾಸಿನಲ್ಲೇ ಕೇಳಿದ್ದೆ.

"ಹೊಟ್ಟೇಲಿ ಆಗ್ಲಿ. ಬಾಯಲ್ಲಿ ಬೇರೆ ಬೇರೆ ಇರ್ಲಿ ಕಣಮ್ಮ."

ಈ ಉತ್ತರದಲ್ಲಿ ತರ್ಕವೇ ಇಲ್ಲ ಎಂದು ಆಗ ತೀರ್ಮಾನಿಸಿಬಿಟ್ಟಿದ್ದೆ.

ಚಿಂತಾಮಣಿಯಲ್ಲಿ ಅವರದು ನಮ್ಮ ಎದುರು ಮನೆ. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಮನೆಯ ಹಾಲ್‌ನಲ್ಲಿ ಬುದ್ಧನ ಫೋಟೋ. ಅವರ ಜಾತಿ ಬೀದಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರೂ ಓದಿದವರು ತಾನೆ. ನನಗೆ ಚರ್ಚಾಸ್ಪರ್ಧೆ ಕಲಿಸಿದವರು ಅವರೇ. ನಾನು ಯಾವುದನ್ನು ನಂಬುತ್ತೇನೋ ಅದರ ವಿರುದ್ಧವೇ ಮಾತಾಡಿಸುತ್ತಿದ್ದರು. ಮೂರು ನಿಮಿಷಕ್ಕೆ ಸರಿಯಾಗಿ ಲೋಟಕ್ಕೆ ಚಮಚ ಬಡಿಯುತ್ತಿದ್ದರು. ವಾಕ್ಯದ ನಡುವೆ ಇದ್ದರೂ ನಿಲ್ಲಿಸಲೇಬೇಕು.

ಬುದ್ಧ ಪೂರ್ಣಿಮೆಗೆ ಅವರ ಮನೆಯ ಪಾಯಸ ಒಲೆಯಿಂದ ಇಳಿದ ಕೂಡಲೇ ಬೀದಿಯ ಮನೆಗಳಿಗೆ ಹೋಗುತ್ತಿತ್ತು. ಆಮೇಲಷ್ಟೇ ಅವರೂ ಅವರ ಯಜಮಾನರೂ ಊಟಕ್ಕೆ ಕೂರುತ್ತಿದ್ದರು. ತಲೆ ಎಣಿಸಿ ಅಕ್ಕಿ ಅಳೆದು ಹಾಕಿದರೂ ಏನಾದರೂ ಮಿಕ್ಕೇ ಮಿಕ್ಕುತ್ತದೆ. ಅದು ಯಾರಿಗೂ ಹೋಗುತ್ತಿರಲಿಲ್ಲ. ಮಾರನೇ ದಿನ ಅನ್ನ ಚಿತ್ರಾನ್ನವಾಗುತ್ತಿತ್ತು, ಪಲ್ಯ ರೊಟ್ಟಿಯ ಹಿಟ್ಟಿನೊಳಗೆ ಸೇರುತ್ತಿತ್ತು. "ಉಳಿಸಿದೋರು ನಾವು, ತಿನ್ನೋರೂ ನಾವೇ" ಎನ್ನುತ್ತಿದ್ದರು.

ನಮ್ಮ ಮನೆ ಇದಕ್ಕೆ ತದ್ವಿರುದ್ಧ. ಯುಗಾದಿ ಬಂದರೆ ಐದು ಜನಕ್ಕೆ ಐವತ್ತು ಒಬ್ಬಟ್ಟು. ಹಬ್ಬದ ದಿನ ಉಸಿರಾಡಲಾಗದಷ್ಟು ತಿಂದು ಒರಗುವುದು, ಮಾರನೇ ದಿನ ಡಬ್ಬಿಯ ಕಡೆ ನೋಡಲೂ ಬೇಸರ. ಆಗ ಅಮ್ಮನಿಗೆ ನೆನಪಾಗುತ್ತಿತ್ತು. "ಎದುರು ಮನೆ ಮಿಸ್ಸಿಗೆ ಕೊಟ್ಬಾರಮ್ಮ. ನಿನ್ನೇದು, ಆದ್ರೂ ಚೆನ್ನಾಗೇ ಇದೆ." ವರ್ಷ ವರ್ಷವೂ ಒಯ್ದಿದ್ದೇನೆ. ಮಿಸ್ಸು ನಗುತ್ತ ತೆಗೆದುಕೊಂಡು, ಡಬ್ಬಿ ತೊಳೆದು, ಒಂದು ಹಿಡಿ ಕಡಲೇಬೀಜ ಹಾಕಿ ಕೊಡುತ್ತಿದ್ದರು. ಖಾಲಿ ಡಬ್ಬಿ ಕೊಟ್ಟವರೇ ಅಲ್ಲ. ಅವರ ಮನೆಯ ಪಾಯಸವನ್ನು ಮಾತ್ರ, ನಾನು ಕುಡಿದು ಮಿಕ್ಕದ್ದನ್ನು, ಅಜ್ಜಿ ಸಿಂಕಿಗೆ ಸುರಿಯುತ್ತಿದ್ದರು. ಅದನ್ನೂ ನೋಡಿದ್ದೇನೆ.

ಎರಡನೇ ಪಿಯುಸಿಯಲ್ಲಿದ್ದಾಗ ಚಿಕ್ಕಬಳ್ಳಾಪುರದಲ್ಲಿ ಸ್ಪರ್ಧೆ. ಹಬ್ಬದೂಟದಲ್ಲಿ ಮಿಕ್ಕದ್ದನ್ನು ಪೋಲು ಮಾಡದೆ ಇಲ್ಲದವರಿಗೆ ಹಂಚಬೇಕು ಎಂಬುದು ವಿಷಯ. ಪರವಾಗಿ ಬರೆದುಕೊಂಡು ಮಿಸ್ಸಿನ ಮುಂದೆ ನಿಂತೆ. ಉದಾಹರಣೆ ಬೇಕಿತ್ತು. "ನಮ್ಮ ಮನೇನೇ ತಗೊಳ್ಳಿ. ಯುಗಾದೀಲಿ ಮಿಕ್ಕಿದ್ದನ್ನ ನಾವು ಎಸೆಯಲ್ಲ. ಎದುರು ಮನೆಗೆ ಕೊಡ್ತೀವಿ" ಎಂದೆ. ಹೆಮ್ಮೆಯಿಂದಲೇ ಎಂದೆ.

ಮಿಸ್ಸು ಲೋಟದ ಪಕ್ಕದ ಚಮಚ ಎತ್ತಿಕೊಂಡರು.

"ಪಾಯಿಂಟ್ ಚೆನ್ನಾಗಿದೆ. ಈಗ ಎದುರು ಪಕ್ಷದೋರು ಮಾತಾಡ್ತಾರೆ. ಮೂರು ನಿಮಿಷ. ಟೈಮ್ ನೀನೇ ನೋಡ್ಕೊ." ಚಮಚವನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತರು.

"ಅಧ್ಯಕ್ಷರೇ, ಶಿಡ್ಲಘಟ್ಟದ ಕಡೆ ಒಂದು ಹಳ್ಳಿ. ಹಬ್ಬದ ಮಾರನೇ ದಿನ ನಮ್ಮಮ್ಮ ಒಂದು ಪಾತ್ರೆ ಹಿಡ್ಕೊಂಡು ಮನೆಗಳ ಹಿತ್ತಲಲ್ಲಿ ನಿಂತ್ಕೊಳ್ಳೋಳು. 'ಅಮ್ಮಾ, ಕೊಂಚಂ ಪೆಟ್ಟಂಡಮ್ಮಾ' ಅಂತ, ಸ್ವಲ್ಪ ಹಾಕಿ ಅಂತ, ತೆಲುಗಲ್ಲಿ ಕೂಗೋಳು. ಪಕ್ಕದಲ್ಲಿ ನಾನು. ಮನೆಯೋರು ಮೇಲಿಂದ ಹಾಕೋರು. ಇರೋದು ಒಂದೇ ಪಾತ್ರೆ. ಪಾಯಸದ ಮೇಲೆ ಸಾರು, ಸಾರಿನ ಮೇಲೆ ಕೋಸಂಬ್ರಿ, ಅದರ ಮೇಲೆ ಇನ್ನೊಂದು ಮನೆ ಪಾಯಸ. ಅವರ ಮನೇಲಿ ಏನೂ ಪೋಲಾಗಲಿಲ್ಲ, ಒಪ್ತೀನಿ. ಆದ್ರೆ ಹಾಸ್ಟೆಲ್ ಸೇರೋವರೆಗೂ ಪಾಯಸದ ರುಚಿ ಬೇರೆ, ಸಾರಿನ ರುಚಿ ಬೇರೆ ಅಂತಾನೇ ನಂಗೆ ಗೊತ್ತಿರಲಿಲ್ಲ, ಅಧ್ಯಕ್ಷರೇ. ಕೊಡೋ ಮನಸ್ಸಿದ್ರೆ ನೀವು ತಿನ್ನೋಕೆ ಮುಂಚೆ ಕೊಡಿ. ಬಿಸಿಯಾಗಿದ್ದಾಗ ಕೊಡಿ. ಮುಂಬಾಗಿಲಲ್ಲಿ ಕೊಡಿ. ಮಿಕ್ಕಿದ್ದು ನೀವೇ ತಿನ್ನಿ."

ಮೂರು ನಿಮಿಷ ಆಗಿರಲೇ ಇಲ್ಲ. "ಏನಮ್ಮಾ, ಪ್ರತಿವಾದ ಇಲ್ವಾ?" ಎಂದು ನಕ್ಕರು.

"ಮೊದ್ಲೇ ಬೇಡ ಅನ್ನಬಹುದಿತ್ತಲ್ಲ ಮಿಸ್?"

"ಡಬ್ಬಿ ತರ್ತಿದ್ದೋಳು ಮಗು. ಮಗು ಮುಖ ನೋಡಿ ಬೇಡ ಅನ್ನಕ್ಕಾಗತ್ತಾ?"

ನಾನು ಪಕ್ಷ ಬದಲಿಸಿದೆ. ಚಿಕ್ಕಬಳ್ಳಾಪುರದಲ್ಲಿ ವಿರುದ್ಧವಾಗಿ ಮಾತಾಡಿದೆ. ಅವರನ್ನು ಒಂದು ಮಾತೂ ಕೇಳದೆ, ಅವರಮ್ಮನ ಪಾತ್ರೆಯನ್ನು ಕೊನೆಯ ಪಾಯಿಂಟ್ ಮಾಡಿಕೊಂಡೆ. ಸಭೆ ಚಪ್ಪಾಳೆ ಹೊಡೆಯಿತು. ಗೆದ್ದ ಕಪ್ಪನ್ನು ತಂದು ತೋರಿಸಿದಾಗ ಮಿಸ್ಸು ಅದನ್ನು ತಿರುಗಿಸಿ ನೋಡಿದರು. ಬೈಯಲಿಲ್ಲ. "ಚೆನ್ನಾಗಿದೆ. ಮನೇಲಿ ಏನಂದ್ರು?" ಎಂದರು.

ಮನೆಯಲ್ಲಿ ನಾನು ಬಾಯಿಯೇ ಬಿಟ್ಟಿರಲಿಲ್ಲ.

ಮುಂದಿನ ಯುಗಾದಿಗೆ ಬಾಯಿ ಬಿಟ್ಟೆ. "ಅಮ್ಮ, ಮೊದಲನೇ ಒಬ್ಬಟ್ಟು ಮಿಸ್ಸಿಗೆ" ಎಂದೆ. "ನೈವೇದ್ಯಕ್ಕೆ ಮುಂಚೇನಾ? ಅವರ ಮನೆಗಾ?" ಎಂದರು ಅಜ್ಜಿ. "ಹಬ್ಬದ ದಿನ ಜಗಳ ಬೇಡ ಕಣೇ, ನಾಳೆ ಕೊಟ್ರಾಯ್ತು" ಎಂದಳು ಅಮ್ಮ. ದೇವರಿಲ್ಲ ಎಂದು ಇದೇ ಅಡುಗೆಮನೆಯಲ್ಲಿ ನಿಂತು ಗಂಟೆಗಟ್ಟಲೆ ವಾದಿಸಿದವಳು ನಾನು. ದೇವರ ಜೊತೆ ವಾದ ಸುಲಭ, ದೇವರು ಮುಖ ಊದಿಸಿಕೊಳ್ಳುವುದಿಲ್ಲ. ಅಜ್ಜಿ ಊದಿಸಿಕೊಳ್ಳುತ್ತಾರೆ. ಸುಮ್ಮನಾದೆ. ಮಾರನೇ ದಿನದ್ದನ್ನು ಒಯ್ಯಲು ನಾಚಿಕೆ, ಮೊದಲನೆಯದನ್ನು ಒಯ್ಯಲು ಧೈರ್ಯವಿಲ್ಲ. ಹೀಗಾಗಿ ಐದು ಯುಗಾದಿ ಎದುರು ಮನೆಗೆ ನಮ್ಮಿಂದ ಏನೂ ಹೋಗಲಿಲ್ಲ. ಪೂರ್ಣಿಮೆಯ ಪಾಯಸ ಮಾತ್ರ ಪ್ರತಿ ವರ್ಷವೂ ಬಿಸಿಬಿಸಿಯಾಗಿ ಬಂತು.

ಈ ಯುಗಾದಿಯ ಹೊತ್ತಿಗೆ ಮಿಸ್ಸು ಹಾಸಿಗೆ ಹಿಡಿದಿದ್ದರು. ಹಳೆಯ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಕಾವಲಿಯಿಂದ ಎದ್ದ ಮೊದಲ ಒಬ್ಬಟ್ಟನ್ನು ತಟ್ಟೆಗೆ ಹಾಕಿಕೊಂಡು ಹೊರಟೆ. ಹಿಂದಿನಿಂದ ಅಜ್ಜಿ ಏನೋ ಅಂದರು. ನಿಲ್ಲಲಿಲ್ಲ. ರಸ್ತೆ ದಾಟಿ ಮುಂಬಾಗಿಲಲ್ಲೇ ಒಳಗೆ ಹೋದೆ.

ಮಿಸ್ಸು ಅದನ್ನು ಅಂಗೈಯಲ್ಲಿ ಇಟ್ಟುಕೊಂಡರು. "ಬಿಸಿ ಇದೆ ಕಣಮ್ಮ" ಎಂದರು. ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ಅದು ಆರುವವರೆಗೂ ಹಿಡಿದುಕೊಂಡೇ ಇದ್ದರು.

"ಬೇಳೆ, ಬೆಲ್ಲ ಎರಡೂ ಬಂದ್ ಮಾಡಿದಾರೆ ಡಾಕ್ಟ್ರು. ಇಲ್ಲೇ ಕೂತ್ಕೊಂಡು ನೀನೇ ತಿನ್ನು. ಪೋಲಾಗಬಾರ್ದಲ್ವಾ."

ತಿಂದೆ. ಕೊನೆಯ ಚೂರಿನವರೆಗೂ ತಿಂದೆ. "ತಡ ಮಾಡ್ಬಿಟ್ಟೆ ಮಿಸ್, ನಾನು ಅವತ್ತೇ..." ಎನ್ನುವಷ್ಟರಲ್ಲಿ ಅವರು ಪಕ್ಕದ ಸ್ಟೂಲಿನ ಮೇಲಿದ್ದ ಚಮಚ ತೆಗೆದು ನೀರಿನ ಲೋಟಕ್ಕೆ ಮೆಲ್ಲಗೆ ಬಡಿದರು. ನಾನು ವಾಕ್ಯದ ನಡುವೆಯೇ ನಿಲ್ಲಿಸಿದೆ.

ಪೂರ್ಣಿಮೆಗೆ ಮುಂಚೆಯೇ ಅವರು ಹೋದರು.

ಎಲ್ಲ ಮುಗಿದು ಕೆಲವು ದಿನಗಳಾದ ಮೇಲೆ ಅವರ ಯಜಮಾನರು ನಮ್ಮ ಮುಂಬಾಗಿಲಿಗೆ ಬಂದು ಯುಗಾದಿಯ ತಟ್ಟೆ ವಾಪಸ್ಸು ಕೊಟ್ಟರು. "ಖಾಲಿ ಕೊಡಬೇಡಿ ಅಂತ ಹೇಳಿದ್ಲು" ಎಂದರು. ತಟ್ಟೆಯ ಈ ಅಂಚಿನಲ್ಲಿ ಒಂದು ಹಿಡಿ ಕಡಲೇಬೀಜ, ಆ ಅಂಚಿನಲ್ಲಿ ಒಂದು ಬೆಲ್ಲದುಂಡೆ. ಒಂದಕ್ಕೊಂದು ತಗುಲದ ಹಾಗೆ ನಡುವೆ ಜಾಗ ಬಿಟ್ಟಿದ್ದರು.