ಬುವ್ವ ಅಂದರೆ ಮಾತ್ರ ತಿನ್ನುವ ನಾಯಿ

ನಾನು ಚಿಕ್ಕವಳಿದ್ದಾಗ ವಸಂತಪುರದಲ್ಲಿ ನಮ್ಮ ಮನೆಗೆ ದಾರಿ ಕೇಳಿದವರಿಗೆ ಕ್ರಾಸು, ಮೇನು ಎಂದು ಯಾರೂ ಹೇಳುತ್ತಿರಲಿಲ್ಲ. "ಬೊಗಳೋ ಸದ್ದು ಹಿಡ್ಕೊಂಡು ಹೋಗಿ ಸಾರ್, ಅದೇ ಮನೆ" ಎನ್ನುತ್ತಿದ್ದರು. ತಾತ ಹಸು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಅಪ್ಪ ಅಲ್ಸೇಶನ್ ನಾಯಿ ಸಾಕಿ, ಮರಿ ಮಾಡಿಸಿ ಮಾರುತ್ತಿದ್ದ. ಜೊತೆಗೆ ಊರಿಗೆ ಹೊರಟವರ ನಾಯಿಗಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು, ನಾಯಿಗಳಿಗೆ ಟ್ರೈನಿಂಗ್ ಕೊಡುವುದು. ಈಗ ಅದೇ ಕೆಲಸಕ್ಕೆ ಚೆಂದದ ಇಂಗ್ಲಿಷ್ ಹೆಸರಿಟ್ಟು, ನಾಯಿ ತಲೆಗೆ ಹುಟ್ಟುಹಬ್ಬದ ಟೋಪಿ ಹಾಕಿ ಫೋಟೋ ಬಿಡುತ್ತಾರೆ. ಆಗ ಸ್ಕೂಲಿನಲ್ಲಿ ನನಗೆ 'ನಾಯಿಮನೆ' ಎಂದೇ ಅಡ್ಡಹೆಸರು.

ಬೇಸಿಗೆ ರಜೆ ಬಂದರೆ ಜಯನಗರ, ಬನಶಂಕರಿಯವರೆಲ್ಲ ಊಟಿಗೋ ನೆಂಟರ ಮನೆಗೋ ಹೋಗುತ್ತಿದ್ದರು. ಅವರ ನಾಯಿಗಳು ನಮ್ಮ ಮನೆಗೆ ಬರುತ್ತಿದ್ದವು. ಪ್ರತಿ ನಾಯಿಯ ಜೊತೆ ಮನೆಯವರು ತೊಟ್ಟು ಬಿಟ್ಟ, ಒಗೆಯದ ಒಂದು ಅಂಗಿ ಕೊಟ್ಟು ಹೋಗಬೇಕೆಂಬುದು ಅಪ್ಪನ ಕಟ್ಟಳೆ. ಆ ವಾಸನೆ ಇದ್ದರೆ ನಾಯಿ ಅಳದೆ ಮಲಗುತ್ತದೆ ಎನ್ನುತ್ತಿದ್ದ. ಬೆಳಗಾದರೆ ಹಿತ್ತಲಿನ ದೊಡ್ಡ ಪಾತ್ರೆಯಲ್ಲಿ ಕೋಳಿಯ ತಲೆ, ಕಾಲು, ನುಚ್ಚಕ್ಕಿ, ಅರಿಶಿನ ಕೊತಕೊತ ಬೇಯುತ್ತಿದ್ದವು. ಅಮ್ಮ ಮೂಗಿಗೆ ಸೆರಗು ಕಟ್ಟಿಕೊಂಡೇ ತಿರುವುತ್ತಿದ್ದಳು. ನಾನು ಕುಂಟೆಬಿಲ್ಲೆ ಆಡಲು ನಿಂತರೆ ಯಾರದೋ ಮನೆಯ ಲ್ಯಾಬ್ರಡಾರ್ ಬಂದು ಬಿಲ್ಲೆ ಕಚ್ಚಿಕೊಂಡು ಓಡುತ್ತಿತ್ತು. ಫಿನಾಯಿಲ್, ನೆಂದ ಕೂದಲು, ಬೆಂದ ಕೋಳಿ, ಇವೆಲ್ಲ ಸೇರಿದ ವಾಸನೆಯೇ ನನಗೆ ರಜೆಯ ವಾಸನೆ.

ಮಾರುವ ಮರಿಗಳಿಗೆ ನಾವು ಹೆಸರಿಡುವಂತಿರಲಿಲ್ಲ. ಹೆಸರಿಡುವ ಹಕ್ಕು ಕೊಂಡವರದು. ಗುರುತಿಗೆ ಕೊರಳಿಗೊಂದು ಬಣ್ಣದ ಉಣ್ಣೆ ದಾರ ಕಟ್ಟಿ ಕೆಂಪುದಾರ, ನೀಲಿದಾರ ಎಂದು ಕರೆಯುತ್ತಿದ್ದೆವು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹುಟ್ಟಿದ ಹಸಿರುದಾರದ ಮರಿ ಬಡಕಲು. ಉಳಿದವು ಅದನ್ನು ತಾಯಿಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಇಂಕ್ ಫಿಲ್ಲರಿನಲ್ಲಿ ಹಾಲು ಹನಿಸಿ ಹನಿಸಿ ನಾನೇ ಅದನ್ನು ಉಳಿಸಿಕೊಂಡೆ.

"ಇದು ನಿಂದೇ ಕಣವ್ವ, ಹೆಸ್ರಿಡು" ಅಂದ ಅಪ್ಪ.

ಹೆಸರಿಡು ಎಂದಮೇಲೆ ಇನ್ನೇನು ಅನುಮಾನ? ಕಣ್ಣಿನ ಮೇಲೆ ಕಡಲೆಕಾಳಿನಂಥ ಎರಡು ಕಂದು ಚುಕ್ಕೆಗಳಿದ್ದುದರಿಂದ ಕಡ್ಲೆ ಎಂದು ಹೆಸರಿಟ್ಟೆ.

ಮರುವರ್ಷದ ಬೇಸಿಗೆಗೆ ಕಡ್ಲೆ ನನ್ನ ಸೊಂಟದೆತ್ತರ ಬೆಳೆದಿದ್ದ. ಅಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದವನು, ಆದರೆ ನಾಯಿಗಳ ಹತ್ತಿರ ಬರೀ ಇಂಗ್ಲಿಷ್. ಸಿಟ್, ಸ್ಟೇ, ಹೀಲ್. ಕೊನೆಗೆ ಒಂದು ವಿಶೇಷ ಟ್ರೈನಿಂಗ್ ಇತ್ತು. ಕಳ್ಳರು ವಿಷ ಬೆರೆಸಿದ ಮಾಂಸ ಎಸೆದರೂ ನಾಯಿ ಮೂಸಬಾರದು. ಮನೆಯವರು ಗುಟ್ಟಿನ ಒಂದು ಮಾತು ಹೇಳಿದರೆ ಮಾತ್ರ ತಿನ್ನಬೇಕು.

"ಏನ್ ಮಾತು ಇಡಣ, ನೀನೇ ಹೇಳು" ಅಂದ ಅಪ್ಪ.

"ಬುವ್ವ" ಅಂದೆ. ಹಸುಗೂಸುಗಳಿಗೆ ಅನ್ನ ತಿನ್ನಿಸುವಾಗ ನಮ್ಮಲ್ಲಿ ಎಲ್ಲರೂ ಹೇಳುವ ಮಾತು.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಖತ್ತಾಗದೆ! ಯಾವ್ ಕಳ್ಳ ಬಂದು ಬುವ್ವ ಅಂತಾನೆ?"

ರಜೆಯೆಲ್ಲ ಅದೇ ಕೆಲಸ. ಅಪ್ಪ ಬೀದಿಯವರನ್ನು ಕರೆದು ಕೋಳಿ ತುಂಡು ಎಸೆಯಿಸುತ್ತಿದ್ದ. ಕಡ್ಲೆ ಬಾಯಿ ಹಾಕಿದರೆ ಅಪ್ಪ ಕೊರಳಿನ ಚೈನು ಜಗ್ಗುತ್ತಿದ್ದ. ಬರುಬರುತ್ತಾ ಕಡ್ಲೆ ಮಾಂಸದಿಂದ ಮುಖ ತಿರುಗಿಸಿ, ಜೊಲ್ಲು ಸುರಿಸುತ್ತಾ ನನ್ನ ಬಾಯನ್ನೇ ನೋಡುತ್ತಾ ಕೂರುವುದನ್ನು ಕಲಿತ. ನಾನು ಬುವ್ವಾ ಅಂದರೆ ಮಾತ್ರ ತಟ್ಟೆಗೆ ಬಾಯಿ. ಅಷ್ಟು ನಂಬಿಕೆಯನ್ನು ನನ್ನ ಮೇಲೆ ಆಮೇಲೆ ಯಾರೂ ಇಟ್ಟಿಲ್ಲ.

ಸ್ಕೂಲು ಶುರುವಾದ ವಾರ. ಸಂಜೆ ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಕಡ್ಲೆ ಇರಲಿಲ್ಲ.

"ಜೆ.ಪಿ. ನಗರದ ಡಾಕ್ಟ್ರಿಗೆ ಕೊಟ್ಟೆ ಕಣವ್ವ" ಅಂದ ಅಪ್ಪ. "ಎಲ್ಲಾ ಕಲ್ತಿರೋ ನಾಯೇ ಬೇಕು ಅಂದ್ರು."

"ನಂದು ಅಂದಿದ್ಯಲ್ಲಪ್ಪಾ?"

"ಕಲ್ಸಿದ್ದು ನೀನೇ ತಾನೆ? ನಿಂದು ಅಂದ್ರೆ ಹಂಗೆ. ಮುಂದಿನ್ ಸೂಲಲ್ಲಿ ಇನ್ನೊಂದ್ ಮರಿ ಕೊಡ್ತೀನಿ ಬುಡು."

ಅಮ್ಮನಿಗೂ ತಡೆಯಲಾಗಲಿಲ್ಲ. "ಮಾರೋದೇ ಆಗಿದ್ರೆ ಹೆಸ್ರಿಡು ಅಂತ ಮಗೀಗೆ ಯಾಕ್ ಹೇಳಿದ್ರಿ?"

"ಹೆಸ್ರಿಡ್ದಿದ್ರೆ ಅವ್ಳು ಮುದ್ದು ಮಾಡ್ತಿರ್ಲಿಲ್ಲ. ಮುದ್ದು ಮಾಡ್ದಿದ್ರೆ ಅದು ಇಷ್ಟು ಕಲೀತಿರ್ಲಿಲ್ಲ."

ಕೋಪದಿಂದಲ್ಲ, ಸಾರಿಗೆ ಉಪ್ಪು ಎಷ್ಟು ಎಂದು ಹೇಳುವವನಂತೆ ಹೇಳಿದ.

ಕೆಲವು ದಿನ ಕಳೆದು ಡಾಕ್ಟರ ಫೋನ್ ಬಂತು. ಅವರ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಏನ್ರೀ ಲೋಕೇಶ್, ನಾಯಿ ನೀರು ಬಿಟ್ರೆ ಏನೂ ಮುಟ್ತಾ ಇಲ್ಲ."

"ಆ ಮಾತು ಹೇಳಿದ್ರಾ ಸಾರ್?"

"ರೀ, ಅಷ್ಟು ದೊಡ್ಡ ಅಲ್ಸೇಶನ್ ಮುಂದೆ ನಿಂತ್ಕೊಂಡು ಬುವ್ವಾ ಬುವ್ವಾ ಅನ್ನೋಕಾಗುತ್ತಾ? ಅದೂ ಹೇಳಿ ನೋಡಿದ್ದಾಯ್ತು, ಕೇಳಲ್ಲ."

ನನಗೆ ಒಳಗೊಳಗೇ ಖುಷಿ. ಇನ್ನು ವಾಪಸ್ ಕಳಿಸುತ್ತಾರೆ ಎಂದುಕೊಂಡೆ. ಅಪ್ಪ ಫೋನಿಟ್ಟು, "ನಡಿ, ಗಾಡಿ ಹತ್ತು" ಅಂದ.

ಡಾಕ್ಟರ ಮನೆಯ ಪೋರ್ಟಿಕೋದಲ್ಲಿ ಕಡ್ಲೆ ಮಲಗಿದ್ದ. ಪಕ್ಕೆಲುಬು ಕಾಣುತ್ತಿತ್ತು. ನನ್ನನ್ನು ನೋಡಿ ಕುಂಯ್‌ಗುಟ್ಟುತ್ತಾ ಬಂದು ಮೈಮೇಲೆ ಬಿದ್ದ. ಅಪ್ಪ ನನಗೆ ಎರಡು ನಿಮಿಷವೂ ಕೊಡಲಿಲ್ಲ. ಡಾಕ್ಟರ ಮಗಳು ನನ್ನ ವಯಸ್ಸಿನವಳೇ. ಅವಳ ಕೈಗೆ ತಟ್ಟೆ ಕೊಟ್ಟು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದ. "ಇಬ್ರೂ ಒಟ್ಗೆ ಹೇಳಿ."

ಹೇಳಿದೆವು. ಕಡ್ಲೆ ಒಂದು ತುತ್ತು ತಿಂದ. ಆಮೇಲೆ ನಾನು ಅವಳ ಹಿಂದೆ ನಿಂತು ಹೇಳಬೇಕು. ಆಮೇಲೆ ಮೆಟ್ಟಿಲ ಹತ್ತಿರದಿಂದ. ಕೊನೆಗೆ ಗೇಟಿನ ಆಚೆ, ಬಾಯಿ ಮುಚ್ಚಿಕೊಂಡು. ಅವಳೊಬ್ಬಳೇ ಹೇಳಿದಳು. ಕಡ್ಲೆ ಕದಲಲಿಲ್ಲ, ಗೇಟಿನ ಕಡೆಗೇ ನೋಡುತ್ತಾ ಕೂತ. ನಾನು ಸುಮ್ಮನಿದ್ದರೆ ಸಾಕಿತ್ತು, ಅವನು ನಮ್ಮ ಮನೆಗೇ ಬರುತ್ತಿದ್ದನೇನೋ. ಬರುವಷ್ಟರಲ್ಲಿ ಹಸಿವಿನಿಂದ ಸತ್ತರೆ? ಆ ಪಕ್ಕೆಲುಬುಗಳನ್ನು ನನ್ನಿಂದ ನೋಡಲಾಗಲಿಲ್ಲ.

"ಹಂಗಲ್ಲ" ಎಂದು ಗೇಟಿನಿಂದಲೇ ಕೂಗಿದೆ. "ಎಳ್ದು ಹೇಳ್ಬೇಕು, ಬಗ್ಗಿ ಹೇಳ್ಬೇಕು. ತಲೆ ಮೇಲೆ ಕೈ ಇಡು."

ಅವಳು ಬಗ್ಗಿದಳು, ತಲೆಯ ಮೇಲೆ ಕೈಯಿಟ್ಟಳು. "ಬುವ್ವಾ..."

ಕಡ್ಲೆ ಅವಳ ಬಾಯನ್ನು ನೋಡಿದ. ಆಮೇಲೆ ತಟ್ಟೆ ಬರಿದಾಗುವವರೆಗೆ ತಲೆಯೆತ್ತಲಿಲ್ಲ.

"ನೋಡಿದ್ರಾ ಸಾರ್? ಟ್ರೈನಿಂಗ್ ಅಂದ್ರೆ ಇದು" ಎಂದು ಅಪ್ಪ ಬೀಗಿದ. ಗಾಡಿ ಸ್ಟಾರ್ಟ್ ಮಾಡುತ್ತಾ ನನಗೆ ಮೆಲ್ಲಗೆ ಹೇಳಿದ: "ಇನ್ಮೇಲೆ ಈ ಕಡೆ ಬರ್ಬಾರ್ದು ನೀನು. ನಾಯಿಗೆ ಕನ್ಫ್ಯೂಸ್ ಆಯ್ತದೆ."

ಮುಂದಿನ ಸೂಲಿನಲ್ಲಿ ಅಪ್ಪ ನಿಜವಾಗಿಯೂ ಒಂದು ಮರಿ ತಂದು ಮಡಿಲಿಗೆ ಹಾಕಿದ. ನಾನು ಅದಕ್ಕೆ ಹೆಸರಿಡಲಿಲ್ಲ. ಅದೂ ಮಾರಾಟವಾಯಿತು.

ಈಗ ಕೊಟ್ಟಿಗೆ ಇದ್ದಲ್ಲಿ ಬಾಡಿಗೆ ಮನೆಗಳೆದ್ದಿವೆ. ಊರಿನವರು ಕೆರೆ ಹೋಯಿತು, ಹೊಲ ಹೋಯಿತು ಎಂದು ಕೊರಗುತ್ತಾರೆ. ಹೋಗಲಿ ಬಿಡಿ, ಅವನ್ನು ಕಳೆದುಕೊಂಡದ್ದು ಊರಿಗೆ ಊರೇ. ನನ್ನದು ನನ್ನೊಬ್ಬಳದೇ ನಷ್ಟ. ಅಪ್ಪನಿಗೆ ವಯಸ್ಸಾಗಿದೆ, ನನ್ನ ಮೇಲೆ ಪ್ರೀತಿಯೂ ಇದೆ, ಅದು ಸುಳ್ಳಲ್ಲ. ಮೊನ್ನೆ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ, ಮಹಡಿ ಮನೆಯನ್ನು ನನಗೇ ಕೊಡುತ್ತೇನೆ ಎಂದ.

"ರಿಜಿಸ್ಟರ್ ಮಾಡ್ಸಿದ್ ಮೇಲೆ ಹೇಳಪ್ಪ" ಅಂದೆ.

"ಯಾಕವ್ವ, ಅಪ್ಪನ್ ಮಾತು ಸಾಲ್ದಾ?" ಎಂದು ನಕ್ಕ.

"ಸಾಲ್ದು" ಅಂದೆ. ಅವನ ನಗು ನಿಂತಿತು. ನಾನು ಹಾಗಂದದ್ದು ಯಾಕೆಂದು ಅವನಿಗೆ ನಿಜವಾಗಿಯೂ ಗೊತ್ತಾಗಲಿಲ್ಲ.