ಗಾಜಿನ ಪೆಟ್ಟಿಗೆಯ ಮೇಲಿನ ಹಾರ

ಆಸ್ಪತ್ರೆಯ ಡಾಕ್ಟರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ನಿಮ್ಮ ಹೆಂಡತಿ ಲ್ಯಾಬಿನಲ್ಲಿ ಯಾವ ರೋಗದ ಸಾಮಾನು ಮುಟ್ಟುತ್ತಿದ್ದರು? ಮೊದಲು ತೆಲುಗಿನಲ್ಲಿ ಕೇಳಿದರು. ನಾನು ಸುಮ್ಮನಿದ್ದದ್ದು ನೋಡಿ, ಅರ್ಥವಾಗಿಲ್ಲವೆಂದುಕೊಂಡು ಹಿಂದಿಯಲ್ಲಿ ಕೇಳಿದರು. ಅರ್ಥ ಮೊದಲ ಸಲವೇ ಆಗಿತ್ತು. ಉತ್ತರ ಗೊತ್ತಿರಲಿಲ್ಲ. ಏಳು ವರ್ಷ ಅವಳು ಅಲ್ಲಿಗೆ ಹೋಗಿ ಬಂದಳು, ನಾನು ಒಂದು ದಿನವೂ ಕೇಳಿರಲಿಲ್ಲ.

ನಾವು ರಾಯಚೂರು ಕಡೆಯವರು. ನಾನು ದಿಲ್‌ಸುಖ್‌ನಗರದ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವನು. ಅವಳಿಗೆ ಕೆಲಸ ಸಿಕ್ಕಿದ್ದು ತಾರ್ನಾಕದ ಆಚೆಗಿನ ಒಂದು ಖಾಸಗಿ ಲ್ಯಾಬಿನಲ್ಲಿ. ಗಾಜಿನ ಸಾಮಾನುಗಳನ್ನು ಆವಿಯಲ್ಲಿ ಬೇಯಿಸುವುದು, ತೊಳೆಯುವುದು, ಮೇಜು ಒರೆಸುವುದು. ಆವಿಯ ಯಂತ್ರಕ್ಕೆ ಅವಳು ದೊಡ್ಡ ಕುಕ್ಕರ್ ಎನ್ನುತ್ತಿದ್ದಳು. ಲ್ಯಾಬಿಗೆ ಹಣ ಕೊಡುತ್ತಿದ್ದದ್ದು ಹೊರದೇಶದ ಒಂದು ಸಂಸ್ಥೆ. ವರ್ಷಕ್ಕೊಮ್ಮೆ ಅವರು ನೋಡಲು ಬರುತ್ತಿದ್ದರು. ಅವರಿಗೆ ಅವಳು ಇಟ್ಟ ಹೆಸರು ಬೀಗರು.

"ಇವತ್ತ ಬೀಗರು ಬಂದಿದ್ರು ನೋಡ್ರಿ. ಹೊಸಾ ಗೌನ್ ಹಾಕ್ಕೊಂಡು ಸಾಲಾಗಿ ನಿಂತಿದ್ವಿ."

"ಏನಂದ್ರು ಬೀಗರು?"

"ಉಪ್ಪು ಕಮ್ಮಿ ಅಂತ ಬರ್ಕೊಂಡು ಹೋದ್ರು."

ಇಬ್ಬರೂ ನಗುತ್ತಿದ್ದೆವು. ಹೊಸ ಗೌನುಗಳು ಮರುದಿನ ಕಪಾಟಿಗೆ ಹೋಗುತ್ತಿದ್ದವು.

ಆ ಲ್ಯಾಬಿನಲ್ಲಿ ಮುಂದೆ ಗಾಜಿರುವ ಒಂದು ದೊಡ್ಡ ಪೆಟ್ಟಿಗೆ ಇತ್ತು. ಅದರೊಳಗೆ ಕೈ ಹಾಕಿ ರೋಗದ ಮಾದರಿಗಳ ಕೆಲಸ ಮಾಡುತ್ತಾರೆ. ಒಳಗಿನ ಗಾಳಿ ಮುಖಕ್ಕೆ ಬಾರದಂತೆ ಅದು ಎಳೆದುಕೊಂಡು, ನೆತ್ತಿಯ ಮೇಲಿನ ಫಿಲ್ಟರಿನಲ್ಲಿ ಸೋಸಿ ಬಿಡುತ್ತದೆಯಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಇಷ್ಟೇ. ಫಿಲ್ಟರ್ ಬದಲಿಸಬೇಕೆಂದು ಅದರ ಮೇಲೆ ಎರಡು ತಿಂಗಳಿಂದ ಕೆಂಪು ದೀಪ ಉರಿಯುತ್ತಿತ್ತು, ಹೊಸದು ಬಂದಿರಲಿಲ್ಲ. ಹೊರದೇಶದ ಲ್ಯಾಬುಗಳಿಗೆ ಯಾಕೆ ಹಣ ಕೊಡಬೇಕು, ಅಲ್ಲಿ ಸುರಕ್ಷತೆ ಎಲ್ಲಿದೆ ಎಂದು ಹಣ ಕೊಡುವವರ ದೇಶದಲ್ಲಿ ಗಲಾಟೆ ಎದ್ದು, ತನಿಖೆ ಮುಗಿಯುವವರೆಗೆ ಹಣ ನಿಲ್ಲಿಸಿದ್ದರು.

"ಬೀಗರು ಮುನಿಸ್ಕೊಂಡಾರ್ರಿ," ಎಂದಿದ್ದಳು. "ಮನಿ ಸ್ವಚ್ಛ ಇಲ್ಲ ಅಂತ ಕಸಬರಿಗಿ ರೊಕ್ಕಾನೂ ನಿಲ್ಲಿಸ್ಯಾರ."

ನಮ್ಮಲ್ಲಿ ಖಂಡೇನವಮಿಯ ದಿನ ಅನ್ನ ಕೊಡುವ ಸಲಕರಣೆಗಳನ್ನು ತೊಳೆದು ಪೂಜೆ ಮಾಡುತ್ತೇವೆ. ಮರುದಿನ ದಶಮಿಯ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಅವನ್ನು ಬಳಸುವುದಿಲ್ಲ, ಏರಿಸಿದ ಹೂವು ತೆಗೆಯುವುದಿಲ್ಲ. ಅಂಗಡಿಯಲ್ಲಿ ನಾನು ಅಳತೆಯ ಗಜಕ್ಕೆ ಪೂಜೆ ಮಾಡುತ್ತೇನೆ. ಅವಳು ಪ್ರತಿ ವರ್ಷ ಲ್ಯಾಬಿನ ಯಂತ್ರಗಳಿಗೆ ಮಾಡುತ್ತಿದ್ದಳು. ಲ್ಯಾಬು ನಡೆಸುವ ಮೇಡಂ ಕೂಡ ನಿಂತು ಕೈ ಮುಗಿಯುತ್ತಿದ್ದರು. ಕೆಂಪು ದೀಪ ಉರಿಯುತ್ತಿದ್ದ ಆ ವರ್ಷ ಚೆಂಡುಹೂವು ತಂದುಕೊಟ್ಟವನು ನಾನು. ದಟ್ಟವಾಗಿ ಕಟ್ಟು, ತೆಳ್ಳಗೆ ಕಟ್ಟಿದರೆ ಬಡತನ ಕಾಣುತ್ತದೆ ಎಂದು ಹೇಳಿದವನೂ ನಾನೇ. ಆ ಹಾರವನ್ನು ಅವಳು ಪೆಟ್ಟಿಗೆಯ ನೆತ್ತಿಯ ಮೇಲೆ ಎರಡು ಸುತ್ತು ಹಾಸಿದಳು. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ನನಗೆ ಕಳಿಸಿದಳು.

ದಶಮಿಯ ದಿನ ಲ್ಯಾಬಿಗೆ ರಜೆ. ಆದರೆ ಬೆಳಿಗ್ಗೆ ಎಲ್ಲಿಂದಲೋ ಮಾದರಿಗಳು ಬಂದವು, ಇಟ್ಟರೆ ಕೆಡುತ್ತವೆ ಎಂದು ಅವಳನ್ನೂ ಕರೆಸಿದರು. ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಪೆಟ್ಟಿಗೆ ಶುರು ಮಾಡಿ ಕೆಲಸ ಮುಗಿಸಿ ಹೋದಳು. ಚೆಲ್ಲಿದ್ದನ್ನು ಒರೆಸಿದವಳು ನನ್ನ ಹೆಂಡತಿ. ಮಧ್ಯಾಹ್ನ ಮನೆಗೆ ಬಂದು ಹೇಳಿದಳು.

"ಹಾರ ತಗೀಲಿಲ್ರಿ. ಬನ್ನಿ ಕೊಡೂಮಟ ಹೆಂಗ ತಗೀಲಿ?"

"ಛಲೋ ಮಾಡಿದಿ ಬಿಡು," ಎಂದೆ.

ಹತ್ತು ದಿನಕ್ಕೆ ಜ್ವರ ಬಂತು. ಮೊದಲೆರಡು ದಿನ ಗುಳಿಗೆ ತೆಗೆದುಕೊಂಡಳು. ಆಮೇಲೆ ಉಸಿರಾಡುವುದೇ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದೆ.

ಡಾಕ್ಟರು ಕೇಳಿದ ಪ್ರಶ್ನೆಯನ್ನು ನಾನು ಫೋನಿನಲ್ಲಿ ಮೇಡಂಗೆ ಕೇಳಿದೆ. ಆ ಮಾದರಿಗಳ ವಿವರ ಹೊರಗೆ ಹೇಳಲು ಹಣ ಕೊಡುವವರ ಅನುಮತಿ ಬೇಕು, ಒಪ್ಪಂದದಲ್ಲಿ ಹಾಗೆ ಬರೆದಿದೆ, ಪತ್ರ ಕಳಿಸಿದ್ದೇನೆ ಎಂದರು. ಆವತ್ತು ಹಣ ಕೊಡುವವರ ಆಫೀಸಿಗೆ ರಜೆ. ಮರುದಿನವೂ ರಜೆ. ನಾನು ಡಾಕ್ಟರ ಮುಂದೆ ಹೋಗಿ ನಿಂತು, ಇನ್ನೂ ಹೇಳಿಲ್ಲ ಎನ್ನುತ್ತಿದ್ದೆ. ಅವರು ತಮಗೆ ತಿಳಿದ ಔಷಧಿಗಳನ್ನೆಲ್ಲ ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ಅವಳು ಹೋದಳು. ಆ ಸಂಜೆ ಅನುಮತಿಯ ಬದಲು ಇನ್ನೊಂದು ಪತ್ರ ಬಂತಂತೆ. ಈ ಸಾವಿನ ತನಿಖೆಯಾಗುವವರೆಗೆ ಯಾರೂ ಏನೂ ಹೇಳಕೂಡದು ಎಂದು.

ಹಣ ಕೊಡುವವರ ಕಡೆಯಿಂದ ತನಿಖೆಗೆ ಬಂದ ಅಧಿಕಾರಿ ಮೆತ್ತಗಿನ ಮನುಷ್ಯ. ಮನೆಗೇ ಬಂದು, ನೆಲದ ಮೇಲೆ ಕೂತು, ಚಹಾ ಕುಡಿದು, ಆಕೆ ಕೆಲಸದಲ್ಲಿ ಹೇಗಿದ್ದರು ಎಂದು ಕೇಳಿದ. ಎಷ್ಟು ಭಕ್ತಿಯಿಂದ ಮಾಡುತ್ತಿದ್ದಳು ನೋಡಿ ಎಂದು ನಾನು ಆ ಫೋಟೋ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ತನಗೆ ಕಳಿಸಲು ಹೇಳಿದ. ಕಳಿಸಿದೆ.

ವರದಿಯ ಮೊದಲ ಪುಟದಲ್ಲೇ ಆ ಫೋಟೋ ಇತ್ತು. ಅವಳ ಮುಖ ಮಸುಕು ಮಾಡಿದ್ದರು, ಹಾರ ಸ್ಪಷ್ಟವಾಗಿತ್ತು. ಓಣಿಯ ಮಾಸ್ತರರೊಬ್ಬರು ಇಂಗ್ಲಿಷ್ ಓದಿ ಹೇಳಿದರು. ಸಾವಿಗೆ ಇಂಥದೇ ಕಾರಣವೆಂದು ಹೇಳಲಾಗದು, ಆದರೆ ನಿಯಮ ಮೀರಿ ಕೆಲಸಗಾರ್ತಿ ಗಾಳಿಯ ದಾರಿಗೆ ಹೂವು ಹಾಕಿದ್ದು ಗಂಭೀರ ಲೋಪ. ಮಾಸ್ತರರು ನನ್ನ ಮುಖ ನೋಡದೆ ಓದಿದರು. ಕೆಂಪು ದೀಪದ ಮಾತು ಎಲ್ಲಾದರೂ ಇದೆಯೇ ಎಂದು ಕೇಳಿದೆ. ಅವರು ಮತ್ತೆ ಮೊದಲಿನಿಂದ ನೋಡಿದರು. ಇರಲಿಲ್ಲ.

ವರದಿ ಸಿಕ್ಕಿದೆಯೆಂದು ಸಹಿ ಹಾಕಲು ಲ್ಯಾಬಿಗೆ ಕರೆಸಿದರು. ವಿಡಿಯೋ ಕರೆಯ ಪರದೆಯ ಮೇಲೆ ಹಣ ಕೊಡುವ ಸಂಸ್ಥೆಯ ಹೆಂಗಸೊಬ್ಬರಿದ್ದರು. ಏನಾದರೂ ಕೇಳುವುದಿದ್ದರೆ ಕೇಳಿ ಎಂದ ಅಧಿಕಾರಿ. ನಾನು ಹಿಂದಿಯಲ್ಲಿ ಕೇಳಿದೆ. ಅವಳು ಹೋದದ್ದು ನಮ್ಮ ಹೂವಿನಿಂದಲೋ, ನೀವು ಬದಲಿಸದ ಫಿಲ್ಟರಿನಿಂದಲೋ? ಅವನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಆ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ತುಂಬ ಹೊತ್ತು ಮಾತಾಡಿದರು. ಅವನು ಹೇಳಿದ್ದು ಒಂದೇ ಸಾಲು, ಅವರಿಗೆ ಬಹಳ ದುಃಖವಾಗಿದೆ. ಫಿಲ್ಟರಿನ ಮಾತು ನಾನು ಮತ್ತೆ ಕೇಳಿದ್ದಕ್ಕೆ, ಅದು ಹಣಕಾಸಿನ ವಿಷಯ, ಸುರಕ್ಷತೆಯದ್ದಲ್ಲ, ಅದಕ್ಕೆ ಬೇರೆ ಸಮಿತಿ ಇದೆ ಎಂದ.

ಸಹಿ ಹಾಕಿದೆ. ಬೇರೇನು ಮಾಡಬೇಕಿತ್ತೋ ನನಗೆ ಇಂದಿಗೂ ತಿಳಿಯುವುದಿಲ್ಲ.

ಗೇಟಿನ ತನಕ ಮೇಡಂ ಹಿಂದೆ ಬಂದರು. ದೀಪದ ಬಗ್ಗೆ ಹಣ ಕೊಡುವವರಿಗೆ ಮೂರು ಪತ್ರ ಬರೆದಿದ್ದೆ ಎಂದು ತೆಲುಗಿನಲ್ಲಿ ಹೇಳಿದರು. ಅದನ್ನು ಒಳಗೆ ಹೇಳಬಹುದಿತ್ತಲ್ಲ ಎಂದೆ. ಹೇಳಿದರೆ ಈ ಲ್ಯಾಬೇ ಮುಚ್ಚುತ್ತದೆ ಎಂದು ಅವರು ಒಳಗೆ ಕೈ ತೋರಿಸಿದರು. ಬಾಗಿಲಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ನಾಲ್ಕು ಜನ ಹೆಂಗಸರು ನಿಂತಿದ್ದರು. ನನ್ನ ಹೆಂಡತಿಗೆ ಕಡೆಯ ಸ್ನಾನ ಮಾಡಿಸಿದವರು ಅವರೇ. ನಾನು ಅವರಿಗೆ ಕೈ ಮುಗಿದು ಬಸ್ ಸ್ಟಾಪಿನ ಕಡೆ ನಡೆದೆ.