ತೊಳೆಯದ ಜೇನಿನ ಬಾಟ್ಲಿ

ಮೊನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ನನ್ನ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದಳು. ತುಮಕೂರಿನ ಬಟವಾಡಿಯ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಮೊದಲ ದಿನದ ಮೊದಲ ರಕ್ತ ನನ್ನದೇ ಆಗಬೇಕು ಅಂತ ಹಟ ಹಿಡಿದು ಹೋಗಿ ಕೂತಿದ್ದೆ. ಎರಡು ಸಲ ನರ ಸಿಗಲಿಲ್ಲ. ಇನ್ನೂ ಹತ್ತು ಸಲ ಚುಚ್ಚಲಿ, ನನಗೇನು. ಸಂತೋಷ ತಡೆಯಲಾಗದೆ ಆಟೋದವನಿಗೂ ಹೇಳಿದೆ, ಹೂ ಮಾರುವವಳಿಗೂ ಹೇಳಿದೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಈಗ ಪೆನ್ನು ಹಿಡಿದು ಕೂತಿರುವುದೂ ಅದೇ ಸಂತೋಷಕ್ಕೆ.

ರಕ್ತ ತುಂಬುವ ಕೊಳವೆ ಕಂಡು, "ತೊಳೆದಿದೀಯೇನೇ?" ಅಂದೆ.

"ಹೊಸದು ಕಣಜ್ಜಿ. ಇದನ್ನ ಯಾರೂ ತೊಳೆಯಲ್ಲ," ಅಂತ ನಕ್ಕಳು.

ಅವಳಿಗೇನು ಗೊತ್ತು. ಒಂದು ಬಾಟ್ಲಿ ತೊಳೆಯದೇ ಹೋಗಿದ್ದಕ್ಕೆ ನಾನು ಗಂಡನ ಮನೆ ಬಿಟ್ಟು ಹೋಗುವ ಹಾಗಾಗಿತ್ತು.

ಎಪ್ಪತ್ತರ ದಶಕದ ಕೊನೆ. ಗುಬ್ಬಿಯಿಂದ ಕುಣಿಗಲ್ಲಿಗೆ ಸೊಸೆಯಾಗಿ ಬಂದು ಒಂದೂವರೆ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಒಂದು ದಿನ ಬಚ್ಚಲ ಮೂಲೆಯಲ್ಲಿ ಇರುವೆ ಮುತ್ತಿದ್ದನ್ನು ಅತ್ತೆ ಕಂಡರು. ಉಚ್ಚೆಗೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಅಂತ ಆಗ ಎಲ್ಲರಿಗೂ ಗೊತ್ತು. ಗಂಡಸರು ಬಯಲಿಗೆ ಹೋಗುತ್ತಿದ್ದರು, ಆ ಬಚ್ಚಲಿಗೆ ಹೋಗುತ್ತಿದ್ದವರು ನಾವಿಬ್ಬರು ಹೆಂಗಸರೇ. ಆದರೆ ಅತ್ತೆ ಹಣೆ ತುಂಬ ವಿಭೂತಿ ಇಟ್ಟುಕೊಂಡು, ಪೂಜೆ ಮುಗಿಯುವ ತನಕ ನೀರೂ ಮುಟ್ಟದ ಹೆಂಗಸು. ತಮ್ಮ ಮೇಲೆ ತಾವೇ ಅನುಮಾನ ಪಡುವ ಅಭ್ಯಾಸ ಅವರಿಗಿರಲಿಲ್ಲ.

"ನಿಮ್ಮಪ್ಪ ಸತ್ತಿದ್ದು ಸಕ್ಕರೆ ಕಾಯಿಲೇಲಿ ಅಲ್ವೇನೇ?" ಅಂದರು.

"ಹೂಂ ಅತ್ತೆ."

"ನೋಡ್ಲಾ, ಅದನ್ನೇ ಬಳುವಳಿ ತಂದವ್ಳೆ," ಅಂದರು ಮಗನಿಗೆ.

ತುಮಕೂರಲ್ಲಿ ಟೆಸ್ಟ್ ಮಾಡಿಸುವುದು ಅಂತಾಯಿತು. ಅತ್ತೆ ಔಷಧಿ ಪುಡಿ ಕಲಸಿಕೊಳ್ಳಲು ಜೇನುತುಪ್ಪ ತರಿಸುತ್ತಿದ್ದರು, ಖಾಲಿ ಬಾಟ್ಲಿಗಳನ್ನು ಅಟ್ಟದ ಮೇಲೆ ಜೋಡಿಸಿಡುತ್ತಿದ್ದರು. ಅದರಲ್ಲೊಂದನ್ನು ಇಳಿಸಿ ಕೊಟ್ಟರು. ತೊಳೆಯಲು ಹೋದೆ. ಕೈಯಿಂದ ಚೊಂಬು ಕಿತ್ತುಕೊಂಡರು.

"ಉಚ್ಚೆ ತುಂಬೋ ಬಾಟ್ಲಿಗೆ ಕುಡಿಯೋ ನೀರು ದಂಡ ಮಾಡ್ತೀಯಾ?"

ನಿಜ ಹೇಳಬೇಕೆಂದರೆ ನನಗೂ ಅದು ಸರಿ ಅನ್ನಿಸಿತು. ಹೊಲಸು ತುಂಬುವುದನ್ನು ಯಾರಾದರೂ ಮೊದಲೇ ತೊಳೆಯುತ್ತಾರೆಯೇ.

ಗಂಡ ಬಾಟ್ಲಿಯನ್ನು ಬಸ್ಸಲ್ಲಿ ಒಯ್ದು ಶಿರಾ ಗೇಟಿನ ಲ್ಯಾಬಿಗೆ ಕೊಟ್ಟು ಸಂಜೆಗೆ ಚೀಟಿ ತಂದರು. ಸಕ್ಕರೆ ವಿಪರೀತ ಇದೆ ಅಂತಿತ್ತು. ಅದನ್ನು ಯಾವ ಡಾಕ್ಟರಿಗೂ ತೋರಿಸಲಿಲ್ಲ. ಅತ್ತೆಯೇ ಡಾಕ್ಟರಾದರು.

ನಾಲ್ಕು ತಿಂಗಳು ನನಗೆ ಅನ್ನ ಇಲ್ಲ. ಬೆಳಗಾದರೆ ಒಂದು ಲೋಟ ಹಾಗಲಕಾಯಿ ರಸ, ಎರಡು ಹೊತ್ತೂ ಒಂದೊಂದು ಸಣ್ಣ ಮುದ್ದೆ. ಬೇರೆ ತಟ್ಟೆ. ಎಲ್ಲರಿಗೂ ಬಿಸಿ ಅನ್ನ ಬಡಿಸುವವಳು ಮಾತ್ರ ನಾನೇ. ನೆಂಟರು ಬಂದರೆ ಅತ್ತೆ, "ನಮ್ ಸೊಸೆ ಮಗು ಹೆರಲ್ಲ, ಸಕ್ಕರೆ ಹೆರ್ತಾಳೆ. ಕಾಫಿಗೆ ಸಾಲದಿದ್ರೆ ಹೇಳಿ," ಅನ್ನುತ್ತಿದ್ದರು. ನೆಂಟರು ನಗುತ್ತಿದ್ದರು. ಗಂಡ ತಟ್ಟೆ ನೋಡುತ್ತಿದ್ದರು.

ಕೊನೆಗೆ ಅತ್ತೆ ತಮ್ಮ ಅಣ್ಣನ ಮಗಳನ್ನು ಮಗನಿಗೆ ತರುವ ಮಾತು ಮುಗಿಸಿಕೊಂಡು, ನನ್ನನ್ನು ಕರೆದುಕೊಂಡು ಹೋಗಲು ಗುಬ್ಬಿಗೆ ಹೇಳಿ ಕಳಿಸಿದರು. ನನ್ನ ಅಣ್ಣ ಬಂದ. ನನ್ನ ಟ್ರಂಕು ಆಗಲೇ ಜಗಲಿ ಮೇಲಿತ್ತು.

"ಇನ್ನೊಂದ್ಸಲ ಟೆಸ್ಟ್ ಮಾಡ್ಸಿ. ಅದೇ ಬಂದ್ರೆ ಅಲ್ಲಿಂದಲೇ ಗುಬ್ಬಿಗೆ ಕರ್ಕೊಂಡ್ ಹೋಗ್ತೀನಿ," ಅಂದ.

"ಮಾಡ್ಸು. ನಾನೂ ಬರ್ತೀನಿ, ಇಲ್ದಿದ್ರೆ ಇವ್ಳು ದಾರೀಲಿ ನೀರು ಬೆರೆಸ್ಬುಡ್ತಾಳೆ," ಅಂದರು ಅತ್ತೆ.

ಮಾರನೇ ದಿನ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಹೊರಟೆವು, ಟ್ರಂಕಿನ ಸಮೇತ. ಅದೇ ಲ್ಯಾಬಿನಲ್ಲಿ ಕನ್ನಡಕದ ಒಬ್ಬ ಮುದುಕ ಇದ್ದ. ಅತ್ತೆ ಚೀಲದಿಂದ ಹಳೇ ಚೀಟಿಯನ್ನೂ ಮತ್ತೊಂದು ಖಾಲಿ ಜೇನಿನ ಬಾಟ್ಲಿಯನ್ನೂ ತೆಗೆದು ಅವನ ಮುಂದಿಟ್ಟರು. ಅವನು ಬಾಟ್ಲಿಯನ್ನು ಬೆಳಕಿಗೆ ಹಿಡಿದ. ಕತ್ತಿನ ಒಳಗೆ ಒಂದು ಇರುವೆ ಅಂಟಿಕೊಂಡು ಸತ್ತಿತ್ತು.

"ಹೋದ್ಸಲಾನೂ ಇಂಥದ್ರಲ್ಲೇ ತಂದಿದ್ರಾ? ತೊಳೆದಿದ್ರಾ?"

"ಅದ್ಯಾಕೆ ತೊಳೀಬೇಕು?" ಅಂದರು ಅತ್ತೆ.

ಅವನು ಬಾಟ್ಲಿಗೆ ಸ್ವಲ್ಪ ನಲ್ಲಿ ನೀರು ಬಿಟ್ಟು ಕುಲುಕಿದ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ತಗೊಂಡು, ಆ ನೀರಿನ ಏಳೆಂಟು ಹನಿ ಹಾಕಿ ದೀಪದ ಮೇಲೆ ಕಾಯಿಸಿದ. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ನೋಡುತ್ತಿದ್ದಂತೆ ಸುಟ್ಟ ಇಟ್ಟಿಗೆಯ ಕೆಂಪಿಗೆ ತಿರುಗಿತು.

"ಅಮ್ಮೋ, ನಿಮ್ ಬಾಟ್ಲಿಗೆ ಸಕ್ಕರೆ ಕಾಯಿಲೆ ಜೋರಾಗೈತೆ," ಅಂದ. "ಮನೇಗ್ ಹೋಗಿ ಅದಕ್ಕೆ ಅನ್ನ ಹಾಕ್ಬೇಡಿ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮುದುಕ ತಾನೇ ತೊಳೆದಿಟ್ಟ ಗಾಜಿನ ಲೋಟ ಕೊಟ್ಟು ನನ್ನನ್ನು ಬಚ್ಚಲಿಗೆ ಕಳಿಸಿದ. ತಂದುಕೊಟ್ಟದ್ದನ್ನು ಕಾಯಿಸಿದ. ನೀಲಿ ನೀಲಿಯಾಗೇ ಉಳಿಯಿತು. ಇರಲಿ ಅಂತ ರಕ್ತವನ್ನೂ ತೆಗೆದುಕೊಂಡ, ಮಧ್ಯಾಹ್ನಕ್ಕೆ ಅದೂ ಸರಿ ಇದೆ ಅಂತ ಬರೆದುಕೊಟ್ಟ. ಅಣ್ಣ ಟ್ರಂಕನ್ನು ಕುಣಿಗಲ್ ಬಸ್ಸಿಗೆ ಹತ್ತಿಸಿದ.

ಬಸ್ಸಲ್ಲಿ ಅತ್ತೆ ಪಕ್ಕದವಳಿಗೆ ಹೇಳುತ್ತಿದ್ದರು: "ನಾಲ್ಕ್ ತಿಂಗ್ಳು ಹಾಗಲಕಾಯಿ ಕುಡಿಸಿ ಕುಡಿಸಿ ವಾಸಿ ಮಾಡ್ದೆ ಕಣವ್ವ."

"ಇಂಥ ಅತ್ತೆ ಯಾರಿಗ್ ಸಿಗ್ತಾರೆ," ಅಂದಳು ಅವಳು, ನನ್ನನ್ನು ನೋಡಿ.

ನಾನು ಉಳಿದುಕೊಂಡೆ. ಎರಡು ಮಕ್ಕಳಾದವು. ಎಂಬತ್ತರ ದಶಕದಲ್ಲಿ ಅತ್ತೆಯ ಕಾಲಿನ ಗಾಯ ಮಾಯಲಿಲ್ಲ, ಕಣ್ಣು ಮಂಜಾಯಿತು. ಸಕ್ಕರೆ ಕಾಯಿಲೆ ಅಂದ ಡಾಕ್ಟರು, ವಾರಕ್ಕೊಂದು ಸಲ ಅತ್ತೆಯ ಉಚ್ಚೆಯನ್ನು ಅದೇ ನೀಲಿ ದ್ರಾವಣದಲ್ಲಿ ಮನೆಯಲ್ಲೇ ಕಾಯಿಸಿ ನೋಡಲು ನನಗೆ ಕಲಿಸಿಕೊಟ್ಟರು. ಮೊದಲ ವಾರ ಬಾಟ್ಲಿಯನ್ನು ಅತ್ತೆಯೆದುರೇ ಕೂತು ಮೂರು ಸಲ ತೊಳೆದೆ. ಕಾಯಿಸಿದರೆ ಕೆಂಪು.

"ಬಾಟ್ಲಿ ಸರಿಯಾಗಿ ತೊಳೆದ್ಯೇನೇ?" ಅಂದರು.

"ಮೂರ್ ಸಲ ಅತ್ತೆ. ಕುಡಿಯೋ ನೀರಲ್ಲೇ." ಆಮೇಲೆ ಕೇಳಿಯೂ ಬಿಟ್ಟೆ. "ಅವತ್ತು ಬಚ್ಚಲಲ್ಲಿದ್ದ ಇರುವೆ ಯಾರವು ಅತ್ತೆ?"

ಅವರು ಗೋಡೆ ಕಡೆ ತಿರುಗಿಕೊಂಡರು.

ಮಾತ್ರೆಗೆ ಕಾಯಿಲೆ ತಗ್ಗುತ್ತಾ ಬಂತು. ಬಣ್ಣ ನೀಲಿ ನಿಂತರೆ ಒಂದು ಹಿಡಿ ಅನ್ನ ಕೊಡಬಹುದು ಅಂತ ಡಾಕ್ಟರು ಹೇಳಿದ್ದರು. ಒಂದು ವಾರ ನೀಲಿ ನಿಂತಿತು. ಅತ್ತೆಗೆ ಬಣ್ಣ ಕಾಣುತ್ತಿರಲಿಲ್ಲ.

"ಏನ್ ಬಂತೇ?"

"ಕೆಂಪು," ಅಂದೆ.

ಅನ್ನಕ್ಕೆ ಸಾರು ಕಲಸಿಕೊಂಡು, ಅವರಿಗೆ ವಾಸನೆ ಮುಟ್ಟುವಷ್ಟು ಹತ್ತಿರ ಕೂತು ಉಂಡೆ. ಮುಂದಿನ ವಾರವೂ ಕೆಂಪು ಅಂದೆ, ಅದರ ಮುಂದಿನ ಎರಡು ವಾರವೂ. ನನ್ನ ನಾಲ್ಕು ತಿಂಗಳಿಗೆ ಅವರ ನಾಲ್ಕು ವಾರ. ಐದನೇ ವಾರ ನೀಲಿ ಅಂದು ಒಂದು ಹಿಡಿ ಅನ್ನ ಬಡಿಸಿದೆ. ಉಂಡು, ಎಂಜಲು ಕೈಯಲ್ಲೇ ನನ್ನ ಕೈ ಹಿಡಿದುಕೊಂಡು, "ನೀನೇ ವಾಸಿ ಮಾಡ್ದೆ ಕಣೇ," ಅಂತ ಅತ್ತರು.

ಹೂಂ ಅಂದೆ.

ಇದನ್ನೆಲ್ಲ ನಿನ್ನೆ ಮೊಮ್ಮಗಳಿಗೆ ಹೇಳಿದೆ. ಬಾಟ್ಲಿಯ ಕತೆಗೆ ಹೊಟ್ಟೆ ಹಿಡಿದುಕೊಂಡು ನಕ್ಕವಳು ನಾಲ್ಕು ವಾರದ ಕತೆಗೆ ನಗು ನಿಲ್ಲಿಸಿದಳು. ಬ್ಯಾಗಿನಿಂದ ನನ್ನ ರಿಪೋರ್ಟು ತೆಗೆದು ಕೈಗಿಟ್ಟಳು.

"ಸಕ್ಕರೆ ಇಲ್ಲ ಕಣಜ್ಜಿ. ನಾನು ಇದ್ದಿದ್ದನ್ನ ಇದ್ದಂಗೇ ಹೇಳ್ತೀನಿ," ಅಂದಳು.

ಆ ಮಾತು ನನಗೆ ಚುಚ್ಚಿತು. ಚುಚ್ಚಲಿ. ರಾತ್ರಿ ಅವಳ ಕೈಯಲ್ಲೇ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.